ಒಲೆಯೊಳಗಿನ ಗಾಜು

ಫೋಟೋ ಮೂಡಿಸಿದ್ದ ಗಾಜಿನ ಫಲಕ ಸಿಕ್ಕಿದ್ದು ಕಬ್ಬಿಣದ ಒಲೆಯೊಳಗೆ. ಸೀಳುಬಿಟ್ಟಿತ್ತು. ಅದರ ಮೇಲಿದ್ದ ಹೆಂಗಸಿನ ಮುಖ ಸುಟ್ಟು ಮಸಿಯಾಗಿತ್ತು.

ಪ್ಯಾರಿಸಿನ ಆ ಆಸ್ಪತ್ರೆಯ ಹಿಸ್ಟೀರಿಯಾ ವಾರ್ಡಿನ ಮೇಲ್ವಿಚಾರಕಿ ಕ್ಲೆಮಾನ್ಸ್ ಫೋಟೋ ಕೋಣೆಯಲ್ಲಿ ಬೂದಿಯನ್ನೇ ನೋಡುತ್ತ ನಿಂತಳು. ಕಿಟಕಿಯಾಚೆ ಹಿಮ ಸದ್ದಿಲ್ಲದೆ ಇಳಿಯುತ್ತಿತ್ತು. ಈಥರಿನ ವಾಸನೆಗೆ ಮಧ್ಯಾಹ್ನವೇ ತೂಕಡಿಸುವಂತಿತ್ತು.

"ನಾಳೆ ಡಾಕ್ಟ್ರ ಉಪನ್ಯಾಸಕ್ಕೆ ಇದೇ ಬೇಕಿತ್ತು ಮದಾಮ್!" ಫೋಟೋಗ್ರಾಫರ್ ಗ್ರಾಂಜೆ ಗೋಳಾಡಿದ. "ಇದು ಆ ಜೆರ್ಮೇನ್‌ದೇ ಕೆಲಸ. ನನ್ನ ಕಂಡ್ರೆ ಆಗಲ್ಲ ಅವಳಿಗೆ."

ಪಕ್ಕದ ಕೋಣೆಯಲ್ಲಿ ಇಸ್ತ್ರಿ ಮಾಡುತ್ತಿದ್ದ ಕೆಲಸದಾಕೆ ಜೆರ್ಮೇನ್ ಸಿಡುಕಿದಳು: "ನಿನ್ನ ಮೂತಿ ಕಂಡ್ರೆ ಯಾರಿಗೆ ತಾನೆ ಆಗತ್ತೆ? ನಾನು ಇಲ್ಲಿಂದ ಅಲ್ಲಾಡಿಲ್ಲ."

"ಏನಾದ್ರೂ ಕೇಳಿಸ್ತಾ?" ಕ್ಲೆಮಾನ್ಸ್ ಕೇಳಿದಳು.

"ಒಲೆ ಬಾಗಿಲು ಕಿರ್ ಅಂತು. ಅಷ್ಟೇ."

"ಯಾರೂ ಚೀರಲಿಲ್ವಾ?"

"ಯಾಕೆ ಚೀರ್ತಾರೆ?"

ಕ್ಲೆಮಾನ್ಸ್ ವಾರ್ಡಿಗೆ ನಡೆದಳು. ಕಿಟಕಿಯ ಬಳಿ ನೋಯೆಮಿ ಮಡಿಲಲ್ಲಿ ಕೈಯಿಟ್ಟು ಮೆಲ್ಲಗೆ ತೂಗುತ್ತ ಕುಳಿತಿದ್ದಳು. ಸುಟ್ಟುಹೋದದ್ದು ಅವಳದೇ ಚಿತ್ರ.

"ಎಡಗೈ ತೋರ್ಸು."

ಅಂಗೈ ತುಂಬ ಬೊಬ್ಬೆ. ನೋಯೆಮಿ ಬೆರಗಾಗಿ ನೋಡಿದಳು. "ಅಯ್ಯೋ! ಇದ್ಯಾವಾಗ ಆಯ್ತು?"

"ಒಲೆ ಬೆಳಿಗ್ಗೆಯಿಂದ ನಿಗಿನಿಗಿ ಅಂತಿದೆ. ಬಾಗಿಲು ತೆಗೆಯೋ ಕೊಕ್ಕೆ ನನ್ನ ಜೇಬಲ್ಲೇ ಇತ್ತು. ಅಂದ್ರೆ, ಬರಿಗೈಲೇ ತೆಗೆದಿದ್ದಾರೆ. ಬೇರೆ ಯಾರಾಗಿದ್ರೂ ಕಿರುಚಿರೋರು. ಚುಚ್ಚಿದ್ರೂ ಗೊತ್ತಾಗದ ಕೈ ಈ ವಾರ್ಡಲ್ಲಿ ನಿನ್ನದೊಂದೇ. ನೀನೇ ಅಲ್ವಾ ನೋಯೆಮಿ?"

ನೋಯೆಮಿ ಬೆಂದ ಕೈಯನ್ನು ಮಡಿಲಿಗೆ ಎಳೆದುಕೊಂಡಳು.

"ನನ್ನ ಮಂಪರಲ್ಲಿ ಕೂರಿಸಿ, ‘ನಿನ್ನ ಮಗು ಬಂತು ನೋಡು’ ಅಂದ್ರು ಡಾಕ್ಟ್ರು. ಬಂದ ಮದಾಮ್! ತೀರಿಹೋದ ನನ್ನ ರೆಮಿ ಮಡಿಲಿಗೇ ಬಂದ. ಅವನ ಭಾರ ಗೊತ್ತಾಗ್ತಿತ್ತು. ಹಾಲಿನ ವಾಸನೆ ಬರ್ತಿತ್ತು. ಆಮೇಲೆ ಫೋಟೋ ಗಾಜಲ್ಲಿ ನೋಡಿದ್ರೆ — ಬರೀ ಗಾಳೀನ ಎತ್ಕೊಂಡು ನಗ್ತಿದೀನಿ. ಅದನ್ನ ನಾನೂರು ಜನಕ್ಕೆ ತೋರಿಸ್ತಾರಂತೆ."

ಬಾಗಿಲಲ್ಲಿ ಡಾಕ್ಟರ್ ಫೂರ್ನೆ ನಿಂತಿದ್ದರು. ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಕಣ್ಣುಗಳು ಹೊಳೆಯುತ್ತಿದ್ದವು.

"ಬೆಂದ್ರೂ ಗೊತ್ತಾಗ್ಲಿಲ್ವಾ? ಅದ್ಭುತ! ಗಾಜು ಹೋದ್ರೆ ಹೋಗ್ಲಿ. ಗ್ರಾಂಜೆ, ಕ್ಯಾಮೆರಾ ತಗೊಂಡ್ಬಾ. ಈ ಕೈದೇ ತೆಗಿ!"

ಹದಿನೇಳು ವರ್ಷದಲ್ಲಿ ಒಮ್ಮೆಯೂ ಅವರಿಗೆ ಎದುರಾಡಿದವಳಲ್ಲ ಕ್ಲೆಮಾನ್ಸ್. ನೇರ ಬಾಗಿಲಿಗೆ ಹೋದಳು.

"ಆಗಲ್ಲ ಡಾಕ್ಟ್ರೇ. ಗಾಯಕ್ಕೆ ಔಷಧಿ ಹಚ್ಚಬೇಕು," ಎಂದು ಅವರ ಮುಖದೆದುರೇ ಕದ ಹಾಕಿ ಚಿಲಕ ಸರಿಸಿದಳು.