ಮತ್ಸರದ ಮನೆ

ಮಳೆ ಬಿಟ್ಟ ಮಧ್ಯಾಹ್ನ. ಜಾಸೂದ್ ಪೆಟ್ಟಿಗೆಯ ಬಟ್ಟೆಗಳನ್ನು ಒಂದೊಂದಾಗಿ ಬಿಡಿಸಿ, ಮಡಿಕೆಯಲ್ಲಿ ಹುಳು ಕಂಡರೆ ಸಾಯದಂತೆ ಮೆತ್ತಗೆ ಊದಿ, ಬಿಸಿಲಿಗೆ ಹರವುತ್ತಿದ್ದಳು. ತಳದಲ್ಲಿ ಒಂದು ಕೆಂಪು ಗಂಟು ಕೈಗೆ ತಾಕಿತು. ಒಳಗೆ ಕವಡೆಗಳು ಗಲಗಲ ಎಂದವು.

“ಮುಟ್ಟಬೇಡ್ವೇ ಅದನ್ನ!” ಅತ್ತೆ ಉಜಮ್ ಹೊಸ್ತಿಲಲ್ಲೇ ನಿಂತು ಕೂಗಿದರು.

ಜಾಸೂದ್ ಆಗಲೇ ಗಂಟು ಸಡಿಲಿಸಿ ಇಣುಕಿದ್ದಳು. “ಹಾವು-ಏಣಿ ಪಟ ತಾನೆ ಅತ್ತೆ? ಮುಂಬೈಲಿ ಇದನ್ನ ಕಾಗದದ ಮೇಲೆ ಅಚ್ಚು ಹಾಕಿ ಮಾರ್ತಾರೆ. ಚಿಳ್ಳೆಪಿಳ್ಳೆಗಳೆಲ್ಲ ದಾಳ ಉರುಳಿಸ್ಕೊಂಡು ಆಡ್ತಾವೆ.”

“ಆ ಆಟ ಹುಟ್ಟಿದ್ದೇ ಇದರಿಂದ. ಪಾಪ ಪುಣ್ಯ ತಿಳೀಲಿ ಅಂತ ನಮ್ಮ ಸಾಧುಗಳು ಪಟದ ಮನೆಮನೆಗೂ ಹೆಸರಿಟ್ಟು ಬರೆಸಿದ್ರು. ಬಿಳಿ ದೊರೆಗಳು ಒಯ್ದರು, ಹೆಸರೆಲ್ಲ ಅಳಿಸಿ ತಮ್ಮ ಮಕ್ಕಳ ಕೈಗೆ ಕೊಟ್ರು. ನಿನ್ನ ಮುಂಬೈ ಹಾವಿಗೆ ಹೆಸರಿಲ್ಲ, ಕಚ್ಚಲ್ಲ. ಇದಕ್ಕೆ ಮಾಟ ಮಾಡಿದ್ದಾರೆ. ಬಸುರಿ ಇದನ್ನ ಆಡಿದ್ರೆ ಬಸುರು ನಿಲ್ಲಲ್ಲ. ನಿನ್ನ ಗಂಡನ ಬೆನ್ನಿಗೆ ಒಂದು ಕೂಸೂ ಯಾಕೆ ಉಳೀಲಿಲ್ಲ ಅಂದ್ಕೊಂಡೆ?”

“ಹಾಗಿದ್ರೆ ಒಲೆಗೆ ಹಾಕ್ಬೇಕಿತ್ತು.”

“ಅಕ್ಷರ ಬರೆದ ಬಟ್ಟೆ ಸುಡ್ತಾರೇನೇ? ಹರೀಬಾರ್ದು, ನೀರಿಗೂ ಬಿಡಬಾರ್ದು. ಕಟ್ಟಿಡು.”

ಜೈನರ ಪರ್ಯುಷಣ ಹಬ್ಬದ ದಿನಗಳು. ಪಾಟಣ ಊರಿನ ಹೆಂಗಸರೆಲ್ಲ ಸಾಧ್ವಿಯರ ಪ್ರವಚನಕ್ಕೆ ಹೊರಟಿದ್ದರು. ಅತ್ತೆಯೂ ಹೋದರು. ಆರು ತಿಂಗಳ ಬಸುರಿ ಜಾಸೂದ್ ಗಂಟನ್ನು ಉಗ್ರಾಣದ ಕೋಣೆಗೆ ಒಯ್ದು, ನೆಲದ ಮೇಲೆ ಪಟ ಹಾಸಿದಳು. “ಬಾರೇ, ಕಚ್ಚು ನೋಡೋಣ,” ಎಂದು ನಕ್ಕಳು.

ಕೋಣೆಯಲ್ಲಿ ಕರ್ಪೂರ, ಬೇವಿನೆಲೆ, ಹಳೆಯ ತುಪ್ಪದ ಕಮಟು. ಕವಡೆ ಬಿದ್ದವು. ಅವಳ ಕಾಯಿ ದಯೆಯ ಏಣಿ ಹತ್ತಿತು, ದಾನದ ಏಣಿ ಹತ್ತಿತು. ಮೋಕ್ಷ ಇನ್ನೇನು ಕೈಗೆಟುಕಬೇಕು. ಮತ್ಸರ ಎಂದು ಬರೆದ ಮನೆಯಲ್ಲಿ ಒಂದು ಕರಿಯ ಹಾವು. ಅದರ ಬಾಯಿಯಲ್ಲಿ ತುಕ್ಕುಬಣ್ಣದ ಕಲೆ. ಕಾಯಿ ಅಲ್ಲಿಗೇ ಬಂತು. ಕೆಳಗಿನ ನರಕಕ್ಕೆ ಜಾರಿತು.

ಮತ್ತೆ ಹತ್ತಿದಳು. ಮತ್ತೆ ಅಲ್ಲಿಗೇ.

ಮೂರನೆಯ ಸಲ ಕಲೆ ಒದ್ದೆಯಾಗಿತ್ತು. ಬೆರಳಿಗೆ ಅಂಟಿತು. ಹಸಿ ರಕ್ತದ ವಾಸನೆ. ಬಾಗಿಲ ಸಂದಿಯ ಬೆಳಕು ಯಾರೋ ಒರೆಸಿದಂತೆ ಅಳಿಯಿತು. ಬಟ್ಟೆಯ ಮೇಲೆ ಏನೋ ಸರಸರ ಸರಿಯಿತು. ಬೆಳಗಿನಿಂದ ಒದೆಯುತ್ತಿದ್ದ ಮಗು ಸುಮ್ಮನಾಯಿತು. ಹೊಟ್ಟೆ ಕಲ್ಲಾಯಿತು. ತಣ್ಣಗಾಯಿತು.

ಪ್ರವಚನದಿಂದ ಮರಳಿದ ಅತ್ತೆ ಬಾಗಿಲನ್ನು ದಡಾರನೆ ತೆರೆದರು. “ಅಯ್ಯೋ ಪಾಪಿ! ಮಡಚು! ಮಡಚಿಬಿಡು!”

“ಮಡಚಲ್ಲ.” ಹಲ್ಲು ಕಟಕಟಿಸುತ್ತಿದ್ದರೂ ಜಾಸೂದ್ ಕವಡೆ ಬಿಡಲಿಲ್ಲ. “ನೀವು ಮಡಚಿದ್ರಿ, ಮಗು ಉಳೀತಾ? ಯಾರು ಅತ್ತೆ ಈ ಮಾಟ ಮಾಡಿದ್ದು?”

“ಸಮರತ್. ನನ್ನ ಓರಗಿತ್ತಿ.”

“ಯಾಕೆ?”

ಉಜಮ್ ಬಾಗಿಲಿಗೆ ಬೆನ್ನು ಕೊಟ್ಟು ಹೇಳಿದರು. “ನನ್ನ ಎರಡನೇ ಕೂಸು ಹೊಟ್ಟೇಲೇ ಹೋಯ್ತು. ಈ ಬಂಜೆ ಮತ್ಸರಪಟ್ಟು ತಿಂದ್ಳು ಅಂತ ಬೀದಿಗೆ ಕೇಳೋ ಹಾಗೆ ಕೂಗಿದೆ. ಸುಳ್ಳು ಅಂತ ನನಗೇ ಗೊತ್ತಿತ್ತು. ಅವಳನ್ನ ಮನೆಯಿಂದ ದಬ್ಬಿದ್ರು. ಹೋಗೋವಾಗ ಬೆರಳು ಕುಯ್ಕೊಂಡು ಈ ಹಾವಿಗೆ ಉಣಿಸಿದ್ಳು. ಮತ್ಸರ ಅಂದ್ಯಲ್ಲ, ಇನ್ಮೇಲೆ ಇದಕ್ಕೆ ಉಣಿಸ್ತಾ ಇರು ಅಂದ್ಳು.”

“ಹಬ್ಬ ಮುಗಿದ್ಮೇಲೆ ಊರಿಗೆಲ್ಲ ತಪ್ಪಾಯ್ತು ಅಂತ ಕಾಗದ ಬರೀತೀರಲ್ಲ. ಅವರಿಗೆ ಬರೆದಿದ್ರಾ?”

ಜಾಸೂದಳ ಸೀರೆಯ ನೆರಿಗೆಯಲ್ಲಿ ಕೆಂಪು ಹನಿಯೊಂದು ಮೂಡಿತು. ಅದನ್ನು ಕಂಡದ್ದೇ ಮುದುಕಿಯ ಮುಖ ಬದಲಾಯಿತು. ಸೊಸೆಯನ್ನು ಪಕ್ಕಕ್ಕೆ ತಳ್ಳಿ ಪಟದ ಮುಂದೆ ಕುಕ್ಕರಿಸಿದರು.

“ಏ ಸಮರತ್! ಬಾಯಿಬಿಟ್ಟವಳು ನಾನು ಕಣೆ. ಈ ಹುಡುಗಿ ಆಗ ಹುಟ್ಟೇ ಇರ್ಲಿಲ್ಲ. ಎಳೇ ಕೂಸುಗಳ ಮೇಲೆ ಏನು ನಿನ್ನ ಪ್ರತಾಪ? ತಗೋ, ನನ್ನ ತಗೋ!”

ಬಲಗೈಯನ್ನು ಹಾವಿನ ಬಾಯಿಯ ಮೇಲೆ ಒತ್ತಿ ಹಿಡಿದರು. ಕವಡೆಗಳು ತಾವಾಗಿಯೇ ಮಗುಚಿದವು. ಕೋಣೆ ಕಗ್ಗತ್ತಲು. ಮುದುಕಿ ಚೀರಿದರು. ಕೈ ಎತ್ತಲಿಲ್ಲ. ಮತ್ತೆ ಚೀರಿದರು. ಎತ್ತಲಿಲ್ಲ.

ಜಾಸೂದಳ ಹೊಟ್ಟೆಯೊಳಗೆ ಒಂದು ಒದೆ. ಇನ್ನೊಂದು ಒದೆ.

ಬೆಳಕು ಬಂದಾಗ ಪಟದ ಕಲೆ ಒಣಗಿತ್ತು. ಉಜಮ್‌ರ ಕೈ ಮೊಣಕೈವರೆಗೆ ನೇರಳೆಗಟ್ಟಿ ಜೋತುಬಿದ್ದಿತ್ತು. ವೈದ್ಯರು ಲೇಪ ಹಚ್ಚಿದರು, ಸೂಜಿ ಚುಚ್ಚಿ ನೋಡಿದರು. ಆ ಕೈಗೆ ಮತ್ತೆ ಜೀವ ಬರಲಿಲ್ಲ.

ಹಬ್ಬ ಮುಗಿದ ಮರುದಿನ ಸೊಸೆ ಮಸಿ ಕುಡಿಕೆ ತಂದು ಎದುರಿಗೆ ಕೂತಳು. ಸಮರತ್ ಪಾಲಿತಾಣಾದ ಧರ್ಮಶಾಲೆಯಲ್ಲಿ ಯಾತ್ರಿಕರ ಕೋಣೆ ಗುಡಿಸಿಕೊಂಡಿದ್ದಾಳೆಂದು ಊರಿಗೇ ಗೊತ್ತಿತ್ತು.

“ಈಗ ಬರೆದ್ರೆ ಹೆದರಿದ್ಳು ಅಂತಾಳೆ,” ಎಂದರು ಉಜಮ್.

“ಹೆದರಿಲ್ಲ ಅಂತಾನೂ ಬರೆಯೋಣ. ಹೇಳಿ.”

ಅತ್ತೆ ಹೇಳಿದರು, ಸೊಸೆ ಬರೆದಳು: “ಸಮರತ್ ಅಕ್ಕನಿಗೆ. ನಾನು ಹೇಳಿದ್ದು ಸುಳ್ಳು. ನೀನು ನನ್ನ ಕೂಸನ್ನು ತಿನ್ನಲಿಲ್ಲ. ತಪ್ಪಾಯಿತು. ಆಮೇಲಿನ ಎರಡನ್ನು ತಿಂದೆ, ಅದು ನಿನ್ನ ತಪ್ಪು, ಅದಕ್ಕೆ ಕ್ಷಮೆ ನೀನು ಕೇಳಿಕೋ. ನಿನಗೆ ನಾನು ಹೆದರುವುದಿಲ್ಲ. ಕೈ ಕೊಟ್ಟಿದ್ದೇನೆ, ಸೊಸೆಯ ಮಗುವನ್ನು ಕೊಡುವುದಿಲ್ಲ. ಬಾಣಂತನಕ್ಕೆ ಬಾ.”

ಸೊಸೆಯ ಕೈಗೆ ಕೊಡದೆ, ಎಡಗೈಯಲ್ಲಿ ಕಾಗದ ಹಿಡಿದು ಬೀದಿಯ ತುದಿಯವರೆಗೆ ತಾವೇ ನಡೆದರು. ಕೆಂಪು ಅಂಚೆ ಡಬ್ಬಿಯ ಬಾಯಿಯಲ್ಲಿ ಅದು ಸಿಕ್ಕಿಕೊಂಡಿತು. ಹೆಬ್ಬೆರಳಿನಿಂದ ನೂಕಿದರು. ಒಳಗೆ ಬಿತ್ತು.