ಸಸ್ಪೆಕ್ಟ್ ದುಗ್ಗಪ್ಪ

೧೯೮೩ರ ಜನವರಿ ೧೮, ಮಂಗಳವಾರ. ಬೆಳಿಗ್ಗೆ ೯.೨೦ಕ್ಕೆ ಐವರ್ನಾಡಿನ ದೇರಣ್ಣ ಗೌಡರು ಠಾಣೆಗೆ ಬಂದು ದೂರು ಕೊಟ್ಟರು. ಹೊಗೆ ಹಾಕಿ ಒಣಗಿಸುತ್ತಿದ್ದ ಮೂವತ್ತೆರಡು ರಬ್ಬರ್ ಶೀಟುಗಳು ಕಾಣೆಯಾಗಿದ್ದವು.

“ಯಾರ ಮೇಲಾದರೂ ಅನುಮಾನ ಉಂಟಾ?” ಎಂದು ಎಸ್‌ಐ ಪ್ರೇಮನಾಥ ಕೇಳಿದರು.

“ಬೇರೆ ಯಾರು ಸಾರ್? ನಿಮ್ಮ ಪುಸ್ತಕದಲ್ಲೇ ಉಂಟಲ್ಲ, ದುಗ್ಗಪ್ಪ.”

ಎಫ್‌ಐಆರ್ ದಾಖಲಾಯಿತು. ಹೆಡ್ ಕಾನ್‌ಸ್ಟೇಬಲ್ ಗುರುವಪ್ಪ ರಿಜಿಸ್ಟರ್ ತೆರೆದರು. ಕೂಲಿ ದುಗ್ಗಪ್ಪನ ಹೆಸರಿನ ಮುಂದೆ ೧೯೭೪ರಲ್ಲಿ ಯಾರೋ ಇಂಗ್ಲಿಷಿನಲ್ಲಿ ‘ಸಸ್ಪೆಕ್ಟ್’ ಎಂದು ಬರೆದಿದ್ದರು. ಅವನು ಕೆಲಸಕ್ಕಿದ್ದ ಮದುವೆ ಮನೆಯೊಂದರಲ್ಲಿ ತಾಮ್ರದ ಹಂಡೆ ಕಾಣೆಯಾದ ಪ್ರಕರಣ ಅದು. ಊರಿನ ಹತ್ತು ಮನೆಗಳಿಂದ ತಂದ ಪಾತ್ರೆಗಳನ್ನು ಹಿಂದಿರುಗಿಸುವ ಗಡಿಬಿಡಿಯಲ್ಲಿ ಹಂಡೆ ನೆರೆಮನೆಯ ಅಟ್ಟ ಸೇರಿತ್ತು. ಎಂಟು ದಿನಕ್ಕೆ ಸಿಕ್ಕಿತು. ಸಿಕ್ಕಿದ್ದು ಗುರುವಪ್ಪನವರಿಗೂ ಗೊತ್ತು. ಆದರೆ ಹೆಸರು ಹೊಡೆದುಹಾಕಲು ಮೇಲಿನವರ ಆದೇಶ ಬೇಕು. ಅದನ್ನು ಕೇಳುವ ಪುರುಸೊತ್ತು ಈ ಒಂಬತ್ತು ವರ್ಷಗಳಲ್ಲಿ ಒಬ್ಬ ಮಹಾನುಭಾವರಿಗೂ ಸಿಗಲಿಲ್ಲ.

ಅಲ್ಲಿಂದೀಚೆಗೆ ಯಾರ ಮನೆಯ ಕೋಳಿ ಕಾಣೆಯಾದರೂ ದುಗ್ಗಪ್ಪನಿಗೆ ಕರೆ. ಕೊನೆಕೊನೆಗೆ ಕಳವಿನ ಸುದ್ದಿ ಕೇಳಿದ ಕೂಡಲೇ ಅವನೇ ಬೈರಾಸು ಹೆಗಲಿಗೆ ಹಾಕಿಕೊಂಡು ಬಂದು ಠಾಣೆಯ ಜಗಲಿಯಲ್ಲಿ ಕೂರುತ್ತಿದ್ದ. ಪೆಟ್ಟು ತಿಂದು ಸಂಜೆ ಮನೆಗೆ ಹೋಗುತ್ತಿದ್ದ.

ಪ್ರೇಮನಾಥ ಹೊರಗೆ ನೋಡಿದರು. ಜಗಲಿಯಲ್ಲಿ ಯಾರೂ ಇರಲಿಲ್ಲ.

“ಗುರುವಪ್ಪ, ಈ ಸಲ ಅವ ಯಾಕೆ ಬರ್ಲಿಲ್ಲ?”

ಗುರುವಪ್ಪ ಟೊಪ್ಪಿ ಹಾಕಿಕೊಂಡರು.

೧೧.೪೦ಕ್ಕೆ ಇಬ್ಬರೂ ದುಗ್ಗಪ್ಪನ ಮನೆ ತಲುಪಿದರು. ಅವನು ಮನೆಯಲ್ಲೇ ಇದ್ದ. ಮಗಳು ಸೀತು ಕಟ್ಟಿದ ಬೀಡಿಗಳನ್ನು ಡಿಪೋಗೆ ಕೊಡಲು ಹೋಗಿದ್ದಳು. ಸೌದೆಯ ರಾಶಿಯ ಹಿಂದೆ ಮೂವತ್ತೆರಡು ಶೀಟುಗಳೂ ಸಿಕ್ಕಿದವು. ದೇರಣ್ಣನವರ ಶೀಟು ಒತ್ತುವ ರೋಲರಿನ ಮುರಿದ ಹಲ್ಲಿನ ಗುರುತು ಎಲ್ಲದರಲ್ಲೂ ಇತ್ತು. ಇಬ್ಬರು ಪಂಚರ ಸಮಕ್ಷಮ ಪಂಚನಾಮೆ ಆಯಿತು.

“ಮಾರ್ಲಿಲ್ಲ ಯಾಕೆ?” ಎಂದು ಪ್ರೇಮನಾಥ ಕೇಳಿದರು.

“ಮಾರ್ಲಿಕ್ಕೆ ತಂದದ್ದಲ್ಲ ಸಾರ್.”

“ಮತ್ತೆ ಎಂತಕ್ಕೆ?”

“ಸೀತುವನ್ನು ಮದುವೆಗೆ ನರಿಮೊಗರಿನವರು ಒಪ್ಪಿದ್ರು. ಮತ್ತೆ ಠಾಣೆಯಲ್ಲಿ ವಿಚಾರಿಸಿದ್ರಂತೆ. ಪುಸ್ತಕದಲ್ಲಿ ಹೆಸರುಂಟು ಅಂತ ಗೊತ್ತಾಯ್ತು. ಆಮೇಲೆ ಅವರು ಬರ್ಲೇ ಇಲ್ಲ.” ದುಗ್ಗಪ್ಪ ಬೈರಾಸಿನಿಂದ ಮುಖ ಒರೆಸಿಕೊಂಡ. “ಆ ಇಂಗ್ಲಿಷ್ ಶಬ್ದಕ್ಕೆ ಎಂತ ಅರ್ಥ ಸಾರ್? ಕಳ್ಳ ಅಂತಲಾ?”

“ಅಲ್ಲ. ಕಳ್ಳ ಆಗಿರಬಹುದು ಅಂತ ಒಂದು ಅನುಮಾನ, ಅಷ್ಟೇ.”

“ಅಷ್ಟೇಯಾ?” ದುಗ್ಗಪ್ಪನಿಗೆ ನಗು ಬಂತು. “ಒಂಬತ್ತು ವರ್ಷ ಕದಿಯದೆ ಪೆಟ್ಟು ತಿಂದೆ ಮಾರಾಯ್ರೆ. ಈ ಸಲ ಕದ್ದೇ ತಿನ್ನುವ ಅಂತ ಕಂಡಿತು.”

ಪ್ರೇಮನಾಥರಿಗೆ ನಾಚಿಕೆಯಾಯಿತು. ಆದರೆ ಮಾಲು ಸಿಕ್ಕಿದೆ, ಪಂಚನಾಮೆ ಆಗಿದೆ, ಬಿಡುವಂತಿಲ್ಲ. ೧.೧೫ಕ್ಕೆ ದಸ್ತಗಿರಿ ಮಾಡಿದರು. ಮರುದಿನ ಕೋರ್ಟು.

ಸಂಜೆ ಆರಕ್ಕೆ ಸೀತು ಠಾಣೆಗೆ ಬಂದಳು. ಅಪ್ಪನ ಬೆನ್ನಿಗೆ ಹಚ್ಚುವ ಎಣ್ಣೆಯ ಕುಪ್ಪಿ ಕೈಯಲ್ಲಿತ್ತು.

“ಹೊಡೆದು ಆಯ್ತಲ್ಲ ಸಾರ್? ಕರ್ಕೊಂಡು ಹೋಗ್ಲಾ?”

“ಇವತ್ತು ಹೊಡೀಲಿಲ್ಲ ಮಗಾ,” ಎಂದರು ಗುರುವಪ್ಪ.

ಸೀತುವಿನ ಮುಖ ಅರಳಿತು. “ಹೌದಾ! ಹೆಸರು ತೆಗೆದ್ರಾ ಸಾರ್?” ಎಂದು ಕೇಳಿದಳು.

ಗುರುವಪ್ಪ ಎಸ್‌ಐ ಕಡೆ ತಿರುಗಿದರು. ಪ್ರೇಮನಾಥ ಕೋರ್ಟಿಗೆ ಕಳಿಸುವ ಕಾಗದದಲ್ಲಿ ದುಗ್ಗಪ್ಪನ ಹೆಸರಿನ ಮುಂದೆ ‘ಆರೋಪಿ’ ಎಂದು ಬರೆಯುತ್ತಿದ್ದರು.