ಅಳಿಸಿದ ತಿರುವು

ನೀರು ತುಂಬಿದ ಗುಹೆಯೊಳಗೆ ಪರೀಕ್ಷೆಗೆಂದು ತೊಂಬತ್ತು ದಿನದಿಂದ ಕೂತಿದ್ದ ಒಂದು ಪುಟ್ಟ ಪೆಟ್ಟಿಗೆಯನ್ನು ಹೊರಗೆ ತರಬೇಕಿತ್ತು. ಅದರೊಳಗೆ ನೀರು ಹೋಗದೆ ಇದ್ದರೆ ತಂಗಿ ಮಾಡಿದ ಅದರ ಮುಚ್ಚಳಕ್ಕೆ ಬಾಹ್ಯಾಕಾಶ ನೌಕೆಯಲ್ಲಿ ಜಾಗ. ಇಲ್ಲದಿದ್ದರೆ ಮೂರು ವರ್ಷದ ದುಡಿಮೆ ನೀರುಪಾಲು. ಡೈವಿಂಗ್ ಕಲಿಸುವ ಭಾವ ಅದನ್ನು ಇಟ್ಟುಬಂದಿದ್ದ ದಾರಿ ಈಚೆಗೆ ಕುಸಿದಿತ್ತು. ಈ ಸಲ ಭಾವ, ತಂಗಿ ಇಬ್ಬರೂ ಗುಹೆಯ ಹೊಸ ಬಾಯಿಯಿಂದ ಇಳಿಯಬೇಕು.

ತಂಗಿಗೆ ನೌಕೆಯ ಕೆಲಸ, ಪತ್ರಿಕೆಗೆ ಬರವಣಿಗೆ, ಮೇಲೆ ಈ ಮುಳುಗುವ ಹುಚ್ಚು. ದಡದಲ್ಲಿ ಹಗ್ಗ ಹಿಡಿದಿದ್ದ ಅಕ್ಕ ಕೇಳಿಯೇಬಿಟ್ಟಳು: "ಎರಡು ದೋಣೀಲಿ ಕಾಲಿಟ್ಟೋರನ್ನ ನೋಡಿದೀನಿ. ನಿನಗೆ ಮೂರನೇ ಕಾಲು ಎಲ್ಲಿಂದ ಬಂತೇ?"

ಹಗ್ಗ ಬಿಡುತ್ತಾ ಇಬ್ಬರೂ ಒಳಹೊಕ್ಕರು. ಬಂಡೆಗಳ ನಡುವೆ ನೀರು ಗಾಜಿನಂತೆ ತಿಳಿಯಾಗಿತ್ತು. ಟಾರ್ಚಿನ ಬೆಳಕು ಮುಟ್ಟಿದಲ್ಲೆಲ್ಲ ಗೋಡೆ ಬೆಣ್ಣೆಯ ಬಣ್ಣಕ್ಕೆ ತಿರುಗುತ್ತಿತ್ತು. ಹಗ್ಗ ಕೈಕೊಟ್ಟರೆ ಇರಲಿ ಎಂದು ಪ್ರತಿ ಕವಲಿನಲ್ಲೂ ತಂಗಿ ಮರಳುವ ದಿಕ್ಕನ್ನು ಮಣಿಕಟ್ಟಿನ ಹಲಗೆಯ ಮೇಲೆ ಪೆನ್ಸಿಲಿನಿಂದ ಬರೆದಳು. ಪೆಟ್ಟಿಗೆ ಸಿಕ್ಕಿತು.

ಹಿಂದೆ ಕಲ್ಲು ಉರುಳಿತು. ಹಗ್ಗ ತುಂಡಾಯಿತು. ಕೆಸರೆದ್ದು ಏನೂ ಕಾಣದಾಯಿತು.

ಹಲಗೆ ಹೇಳಿದಂತೆ ಎಡಕ್ಕೆ, ಆಮೇಲೆ ಬಲಕ್ಕೆ ತಡವುತ್ತಾ ಹೋದರು. ಗೋಡೆ ಅಡ್ಡ ಬಂತು. ಮೇಲೆ ಎರಡು ತಲೆ ಹಿಡಿಸುವಷ್ಟು ಬರಿಜಾಗ, ಹಳಸಿದ ಗಾಳಿ; ಇಬ್ಬರೂ ಅಲ್ಲಿ ನೀರಿನಿಂದ ತಲೆಯೆತ್ತಿದರು. ಅವಳ ಸಿಲಿಂಡರಿನ ಗಾಳಿ ಮಾಪಕದ ಮುಳ್ಳು ಕೆಂಪಿನ ಅಂಚಿನಲ್ಲಿತ್ತು; ಭಾವನದು ಕೆಂಪಿನೊಳಗೇ ಇತ್ತು.

ಅವಳು ಹಲಗೆಗೆ ಟಾರ್ಚನ್ನು ಓರೆಯಾಗಿ ಹಿಡಿದಳು. ಎರಡು ಪದಗಳ ನಡುವೆ ಪೆನ್ಸಿಲ್ ಒತ್ತಿದ ಗೀರು ತೆಳ್ಳಗೆ ಮಿಂಚಿತು.

"ಭಾವ, ಎರಡು ಎಡ ಇತ್ತು. ನೀವು ಪೆಟ್ಟಿಗೆಯ ಕಟ್ಟು ಬಿಚ್ಚುವಾಗ ಸುಮ್ಮನೆ ಓದ್ತಾ ಇದ್ನಲ್ಲ, ಒಂದನ್ನ ನಾನೇ ಒರೆಸಿಬಿಟ್ಟೆ."

"ಯಾಕೆ?"

"ಒಂದೇ ಮಾತು ಎರಡು ಸಲ ಬಂದಿದೆ ಅಂತ. ಲೇಖನ ತಿದ್ದೋ ಕೈ ಅಭ್ಯಾಸ."

ಭಾವ ಮಾಸ್ಕ್ ಸರಿಮಾಡಿಕೊಂಡ. "ಇದನ್ನ ನಿಮ್ಮಕ್ಕನಿಗೆ ನೀನೇ ಹೇಳ್ಬೇಕು. ನಡಿ."

ಹಿಂದಿರುಗಿ ಕವಲು ಹಿಡಿದರು. ಎಡ. ಭಾವನ ಸಿಲಿಂಡರ್ ಬರಿದಾಯಿತು; ಅವಳು ತನ್ನ ಇನ್ನೊಂದು ಉಸಿರುನಳಿಗೆಯನ್ನು ಅವನ ಬಾಯಿಗಿಟ್ಟಳು. ಒಂದೇ ಸಿಲಿಂಡರಿಗೆ ಇಬ್ಬರು, ಒಬ್ಬರ ತೋಳು ಒಬ್ಬರ ಹಿಡಿತದಲ್ಲಿ. ಇಕ್ಕಟ್ಟಿನಲ್ಲಿ ಪೆಟ್ಟಿಗೆ ಸಿಕ್ಕಿಕೊಂಡಿತು. ಬಿಟ್ಟುಬಿಡು ಎಂದು ಭಾವ ಕೈ ಮಾಡಿದ. ಒಂದೇ ಒಂದು ಸಲ ಒದೆಯುತ್ತೇನೆ ಎಂದುಕೊಂಡು ಒದ್ದಳು. ಅದು ಮುಂದಕ್ಕೆ ಜಾರಿತು. ಬಲ. ಹಸಿರು ಬೆಳಕು.

ದಡದಲ್ಲಿ ಅಕ್ಕ ತುಂಡಾದ ಹಗ್ಗವನ್ನು ಮುಷ್ಟಿಯಲ್ಲಿ ಸುತ್ತಿಕೊಂಡು ಕೂತಿದ್ದಳು. ತಂಗಿ ಎಲ್ಲವನ್ನೂ ಹೇಳಿದಳು. ಅಕ್ಕ ಕೇಳಿಸಿಕೊಂಡು, ಬೈಯದೆ, ಇಬ್ಬರ ತಲೆಯನ್ನೂ ಒರೆಸಿದಳು. ಪೆಟ್ಟಿಗೆ ತೆರೆದರೆ ಒಳಗೆ ಇಟ್ಟಿದ್ದ ಕಾಗದ ಗರಿಗರಿಯಾಗಿತ್ತು.

ಮುಂದಿನ ವಾರ ಗುಹೆಯ ಬಗ್ಗೆ ಅವಳು ಬರೆದ ಲೇಖನ ಸಂಪಾದಕರ ಕೈದಾಟಿ ಬಂತು. 'ಎಡ, ಎಡ, ಆಮೇಲೆ ಬಲ' ಎಂಬಲ್ಲಿ ಒಂದು 'ಎಡ'ದ ಮೇಲೆ ಕೆಂಪು ಗೆರೆ ಇತ್ತು.

ಅಂಚಿನಲ್ಲಿ ಅವಳು, ಪೆನ್ನು ಒತ್ತಿ, 'ಇರಲಿ' ಎಂದು ಬರೆದಳು.